ಅಣ್ಣಾರು ಅಂದದ್ದಕ್ಕೆ

೨೦೦೨ರ ಮೇ ೧೪, ಮಂಗಳವಾರ, ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಹೈದರಾಬಾದಿನ ಒಂದು ಠಾಣೆಯ ಹಿಂದಿನ ಕೋಣೆಯಲ್ಲಿ ದ್ಯಾವಪ್ಪನ ಅಂಗಾಲಿಗೆ ಮೊದಲ ಲಾಠಿ ಬಿತ್ತು. ಕಾಡಿನಲ್ಲಿ ಬಂದೂಕಿನ ಹಿಡಿಯಿಂದ ತಿಂದ ಪೆಟ್ಟಿಗೆ ಅವನ ಎಡಗಿವಿ ಇನ್ನೂ ಮಂದವಾಗಿತ್ತು. ಅಲ್ಲಿಂದ ಜೀವ ಉಳಿಸಿಕೊಂಡು ಬಂದವನಿಗೆ ಊರೊಳಗೆ ಹೀಗಾದೀತೆಂದು ಹೊಳೆದಿರಲೇ ಇಲ್ಲ.

ಸುರಪುರದ ಕಡೆಯ ದ್ಯಾವಪ್ಪ, ಅವನ ಹೆಂಡತಿಯ ತಮ್ಮ ಚನ್ನು, ಇಬ್ಬರೂ ಕೇಬಲ್ ಹೂಳುವ ತಗ್ಗು ತೋಡುವವರು. ಮಾದಾಪುರದ ಗಾಜಿನ ಕಟ್ಟಡಗಳಿಗೆ ಆಗ ಎಷ್ಟು ಕೇಬಲ್ ಎಳೆದರೂ ಸಾಲುತ್ತಿರಲಿಲ್ಲ. ಆ ಕೆಲಸ ಮುಗಿಯುವ ಮೊದಲೇ ಕಂತ್ರಾಟುದಾರ ಅವರನ್ನು ಗೋದಾವರಿಯ ಆಚೆ, ಕಾಡಿನ ರಸ್ತೆಗೂ ಒಯ್ದ. ಪೊಲೀಸರ ಫೋನಿಗಾಗಿ ತೋಡುತ್ತಿದ್ದೀರೆಂದು ನಕ್ಸಲ್ ದಳದವರು ಬಂದೂಕು ಹಿಡಿದು ಸುತ್ತುಗಟ್ಟಿದರು. ಮೇಸ್ತ್ರಿ ಮಲ್ಲಪ್ಪ ಓಡಿದ. ಬೆನ್ನಿಗೆ ಗುಂಡು ಬಿದ್ದು, ತಾನೇ ಅಳತೆ ಹಾಕಿಸಿದ ತಗ್ಗಿನೊಳಗೆ ಬೋರಲಾದ. ಮೇಲೆ ಮಣ್ಣೆಳೆಯುವ ಕೆಲಸ ಚನ್ನುವಿನ ಪಾಲಿಗೆ ಬಂತು. ಆಮೇಲೆ ಭಾವ-ಮೈದುನ ಇಬ್ಬರನ್ನೂ ಒತ್ತೆಯಾಗಿ ಕಾಡಿನೊಳಗೆ ಎಳೆದೊಯ್ದರು.

ಹೈದರಾಬಾದಿನದೇ ನಾಚಾರಂನ ಬಸವಲಿಂಗಪ್ಪ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಿಂದ ನಿವೃತ್ತರಾದವರು. ಎರಡೂ ಕಡೆ ಹೆಣ ಬೀಳುವುದು ನಿಲ್ಲಲೆಂದು ಒಬ್ಬ ವೈದ್ಯೆ, ಇಬ್ಬರು ವಕೀಲರ ಜೊತೆ ಗುಂಪು ಕಟ್ಟಿಕೊಂಡು ತಾವೇ ಕಾಡಿಗೆ ಹೋಗಿ ಮಾತಾಡಿದರು. ದಳದವರು ದ್ಯಾವಪ್ಪನನ್ನು ಬಿಟ್ಟರು. ಮಂಗಳವಾರ ಸಂಜೆ ನಾಲ್ಕಕ್ಕೆ ಚನ್ನುವನ್ನು ವೈದ್ಯೆಯ ಕೈಗೆ ಒಪ್ಪಿಸುತ್ತೇವೆ, ಅಷ್ಟರೊಳಗೆ ಪೊಲೀಸರು ಕಾಡು ಹೊಕ್ಕರೆ ಹೆಣ ಒಪ್ಪಿಸುತ್ತೇವೆ ಅಂದರು. ವೈದ್ಯೆ ಅಲ್ಲೇ ಉಳಿದಳು.

ಬಸವಲಿಂಗಪ್ಪನವರ ಮನೆ ಬಾಗಿಲಲ್ಲೇ ಪೊಲೀಸರು ದ್ಯಾವಪ್ಪನನ್ನು ತಡೆದು, ಬಿಡಿಸಿದವರು ಯಾರು ಅಂತ ಕೇಳಿದರು. ಅವನು ಕೈ ಮುಗಿದುಕೊಂಡೇ, ಅಣ್ಣಾರು ಬಿಡಿಸಿದ್ರು, ಅವರ ಋಣ ತೀರಂಗಿಲ್ಲ ಅಂದ. ತೆಲುಗಿನಲ್ಲಿ ಅಣ್ಣಲು ಅಂದರೆ ಆಗ ಕಾಡಿನ ಬಂದೂಕಿನವರೇ. ಅದು ಅವನಿಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೇ ಅಲ್ಲಿ ಅವರನ್ನು ಒಮ್ಮೆಯೂ ಹಾಗೆ ಕರೆದಿರಲಿಲ್ಲ. ಕಿವಿಗೆ ಪೆಟ್ಟು ಬಿದ್ದದ್ದು ಅದಕ್ಕೇ. ಬಿಡುಗಡೆಯ ಸಂತೋಷದಲ್ಲಿ ಮಾತ್ರ, ಹಿರಿಯರನ್ನು ಅಣ್ಣಾರು ಅನ್ನುವ ಊರಿನ ಮಾತು ಬಸವಲಿಂಗಪ್ಪನವರಿಗೆಂದು ಬಾಯಿಗೆ ಬಂದುಬಿಟ್ಟಿತು.

ಇನ್‌ಸ್ಪೆಕ್ಟರ್ ಕೇಳುತ್ತಿದ್ದದ್ದು ಒಂದೇ: ನಿನ್ನ ಅಣ್ಣಂದಿರು ಯಾವ ಗುಡ್ಡದಲ್ಲಿದ್ದಾರೆ? ಗುಡ್ಡದ ಹೆಸರು ನಾಲಿಗೆಯ ತುದಿಯಲ್ಲಿತ್ತು. ಅದನ್ನು ಉಗುಳಿದರೆ ಚನ್ನು ಉಳಿಯುವುದಿಲ್ಲ. ದ್ಯಾವಪ್ಪ ತನ್ನ ಮುಂಗೈ ಕಚ್ಚಿಕೊಂಡ. ಅಂಗಾಲು ಬಾತು ಒಡೆದವು. ಆಮೇಲೆ ಮೊಣಕಾಲಿನ ಸರದಿ ಬಂತು.

ಮಧ್ಯಾಹ್ನ ವಕೀಲರನ್ನು ಗೇಟಿನಲ್ಲೇ ನಿಲ್ಲಿಸಿದರು. ಬಸವಲಿಂಗಪ್ಪ ಒಬ್ಬರೇ ಒಳಗೆ ನುಗ್ಗಿ, ಬೀಸಿದ ಲಾಠಿಗೂ ದ್ಯಾವಪ್ಪನಿಗೂ ನಡುವೆ ಬಂದರು. ಏಟು ಅವರ ತಲೆಗೆ ಬಿತ್ತು. ಕನ್ನಡಕ ನೆಲಕ್ಕೆ ಹಾರಿತು, ಬಿಳಿ ಅಂಗಿಯ ಕಾಲರು ಕೆಂಪಾಯಿತು. ಹೊಡೆದ ಪೇದೆಯೇ ಹಿಂದೆ ಸರಿದ.

ದ್ಯಾವಪ್ಪ ತೆವಳಿಕೊಂಡು ಹೋಗಿ ಅವರನ್ನು ತಬ್ಬಿದ.

"ಸಾಬ್ರ, ಕಾಡಿನಾಗ ಅವರಿಗೆ ಅಣ್ಣ ಅನ್ನಲಿಲ್ಲಂತ ಹೊಡದ್ರು. ಇಲ್ಲಿ ಇವರಿಗೆ ಅಂದೆನಂತ ನೀವು ಹೊಡೀತೀರಿ. ನಮ್ಮ ಅಣ್ಣಾರು ಇವರ ನೋಡ್ರಿ. ಇನ್ನ ಹೊಡೀರಿ, ನಾಲ್ಕರ ತನಕ ಹೊಡೀರಿ."

"ಸುಮ್ಕಿರೋ ತಮ್ಮಾ," ಅಂದರು ಬಸವಲಿಂಗಪ್ಪ, ಕಣ್ಣಿಗಿಳಿದ ರಕ್ತ ಒರೆಸಿಕೊಳ್ಳುತ್ತ. "ಸಾಹೇಬರಿಗೆ ನಾಲ್ಕು ಅಂದ್ರೇನು ಅಂತ ನಾ ಹೇಳ್ತೀನಿ."

ಹೇಳಿದರು. ಮುದುಕರ ರಕ್ತ ನಿಲ್ಲುತ್ತಿರಲಿಲ್ಲ, ಹೊರಗೆ ವಕೀಲರ ಕೂಗು ಏರುತ್ತಿತ್ತು. ಇಬ್ಬರನ್ನೂ ಒಯ್ಯಿರಿ ಅಂತ ಇನ್‌ಸ್ಪೆಕ್ಟರ್ ಕೈ ಬೀಸಿದ.

ಆಸ್ಪತ್ರೆಯಲ್ಲಿ ಹೊಲಿಗೆಯ ಸರದಿಗೆ ಕಾಯುತ್ತಿದ್ದಾಗ, ನಾಲ್ಕು ಹೊಡೆದು ಬಹಳ ಹೊತ್ತಾದ ಮೇಲೆ ವಕೀಲರ ಮೊಬೈಲ್ ಗುನುಗಿತು. ವೈದ್ಯೆ ಯಾವುದೋ ಎಸ್‌ಟಿಡಿ ಬೂತಿನಿಂದ ಮಾತಾಡಿ, ಫೋನನ್ನು ಚನ್ನುವಿನ ಕೈಗೆ ಕೊಟ್ಟಳು.

"ಮಾಮಾ, ನಾ ಬಂದೀನಿ. ನೀ ಅರಾಮ ಉಂಡು ಮಲಗಿರಬೇಕಲ್ಲ?"

"ಹೂಂ," ಅಂದ ದ್ಯಾವಪ್ಪ. "ಭಾಳ ಉಂಡೀನಿ."

ಹೊಲಿಗೆ ಹಾಕುವ ಡಾಕ್ಟರು ಬಂದಾಗ ಅವನಿಗೆ ಎದ್ದು ನಿಲ್ಲಲಾಗಲಿಲ್ಲ. ಕೂತಲ್ಲೇ ಬಸವಲಿಂಗಪ್ಪನವರ ತಲೆಯನ್ನು ಎರಡೂ ಅಂಗೈಯಲ್ಲಿ ಅಲುಗದಂತೆ ಹಿಡಿದ. ಕೋರ್ಟಿಗೆ ಬೇಕಾಗುತ್ತದೆ, ಸರಿಯಾಗಿ ಅಳೆಯಿರಿ ಅಂದರು ಅವರು. ಡಾಕ್ಟರು ಅಳತೆಪಟ್ಟಿ ಇಟ್ಟು ಓದಿದರು. ಗಾಯದ ಉದ್ದ ಆರೂವರೆ ಸೆಂಟಿಮೀಟರ್.