ಗೋವಿಂದಮ್ಮನ ಕೊಪ್ಪರಿಗೆ

ಎಡಗಣ್ಣಿನ ಪೊರೆ ತೆಗೆಸಿಕೊಂಡ ಮಾರನೆಯ ಬೆಳಿಗ್ಗೆ ಯಲ್ಲಯ್ಯನವರಿಗೆ ಇದ್ದದ್ದು ಒಂದೇ ಕೆಲಸ, ಸುಮ್ಮನೆ ಕೂರುವುದು. ಎಪ್ಪತ್ತನಾಲ್ಕು ವರ್ಷದಲ್ಲಿ ಅದನ್ನು ಅವರು ಕಲಿತಿರಲಿಲ್ಲ. ಯಡಿಯೂರು ಕೆರೆಯ ಹಿಂದಿನ ಬೀದಿಯಲ್ಲಿ ಮೊಮ್ಮಗಳು ಸಂಘಮಿತ್ರಾ ಬಾಡಿಗೆಗೆ ಹಿಡಿದಿದ್ದ ಮನೆಯ ಹಾಲಿನಲ್ಲಿ ಕಿಟಕಿಯಿಂದ ಬಾಗಿಲಿಗೆ ಹನ್ನೊಂದು ಹೆಜ್ಜೆ. ಕಪ್ಪು ಕನ್ನಡಕ ಹಾಕಿಕೊಂಡು, ತಲೆ ಅಲುಗದಂತೆ ನೆಟ್ಟಗೆ ಹಿಡಿದು, ಎದ್ದಾಗಿನಿಂದ ಅದನ್ನೇ ಅಳೆಯುತ್ತಿದ್ದರು.

"ಬಗ್ಗಬಾರದು, ಹೊಗೆಗೆ ಹೋಗಬಾರದು, ಒಂದು ವಾರ ಬಸ್ ಹತ್ತಬಾರದು ಅಂದ್ರು ಡಾಕ್ಟ್ರು. ನಡೀಬಾರದು ಅನ್ನೋದು ಮರೆತ್ರು ಅನ್ಸುತ್ತೆ," ಎಂದಳು ಸಂಘಮಿತ್ರಾ. ಅವಳು ಜಯನಗರದ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದಳು. ತಾತನಿಗಾಗಿ ಎರಡು ದಿನ ರಜೆ ಹಾಕಿದ್ದಳು.

"ಇದೂ ಒಂದು ನಡಿಗೇನಾ ಮಿತ್ರಾ? ಗೋಡೆ ಬಂದ್ರೆ ತಿರುಗ್ಬೇಕು."

ಅವಳು ಸ್ನಾನಕ್ಕೆ ಹೋದಳು. ಒಂಬತ್ತೂಕಾಲಿಗೆ ಊರು ಸಾತನೂರಿನಿಂದ ಕೇರಿಯ ಕರೆಪ್ಪನ ಫೋನು ಬಂತು.

"ಯಲ್ಲಣ್ಣ, ನಾರಾಯಣಮ್ಮ ಹೋಗ್ಬಿಟ್ಟಳು. ಬೆಳಗಿನ ಜಾವ. ಮೂರಕ್ಕೆ ಮಣ್ಣು. ಮಳವಳ್ಳಿ ಕಡೆಯಿಂದ್ಲೂ ಜನ ಬರ್ತಾವ್ರೆ, ಮುನ್ನೂರಕ್ಕೆ ಕಮ್ಮಿ ಇಲ್ಲ. ಪಾತ್ರೆ ರೂಮಿನ ಕೀಲಿ ಯಾರ ಹತ್ರ ಕೊಟ್ಟು ಹೋದೆ?"

ಯಲ್ಲಯ್ಯನವರ ಕೈ ಸೊಂಟಕ್ಕೆ ಹೋಯಿತು. ಕೀಲಿ ಉಡಿದಾರದಲ್ಲೇ ಇತ್ತು. ಆಪರೇಷನ್ನಿಗೆ ಮುಂಚೆ ಮೈಮೇಲಿನದೆಲ್ಲ ತೆಗೆಸಿದಾಗಲೂ ಇದೊಂದನ್ನು ಕೊಡುವುದಿಲ್ಲವೆಂದು ಹಟ ಹಿಡಿದಿದ್ದರು. ಕೊನೆಗೆ ನರ್ಸು ಬೈದುಕೊಂಡು ಅದನ್ನು ಅವರ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿ ಅಂಟಿಸಿದ್ದಳು. ಊರಲ್ಲಿ ಯಾರಿಗಾದರೂ ಕೊಟ್ಟುಬರಬೇಕಿತ್ತು ಎನ್ನುವುದು ಆಗಲೂ ಹೊಳೆದಿರಲಿಲ್ಲ.

"ಬೀಗ ಒಡೆದುಬಿಡ್ಲಾ?"

"ಬೇಡ. ನಾನೇ ತರ್ತೀನಿ."

"ಕಣ್ಣು?"

"ಇನ್ನೊಂದಿದೆಯಲ್ಲ."

ಮೂವತ್ತಮೂರು ವರ್ಷ ಯಲ್ಲಯ್ಯ ಸಾತನೂರಿನಲ್ಲಿ ನೀರು ಬಿಡುವವರಾಗಿದ್ದರು. ಯಾವ ಬೀದಿಗೆ ಎಷ್ಟು ಹೊತ್ತಿಗೆ, ಯಾವ ವಾಲ್ವು ಎಷ್ಟು ಸುತ್ತು ಎಂಬುದು ಕೈಗೇ ಗೊತ್ತಿತ್ತು. ಭಾನುವಾರಗಳಲ್ಲಿ ಇಟ್ಟಿಗೆ ಹೊತ್ತು ಹೊತ್ತು ಕೇರಿಯ ಸಮುದಾಯ ಭವನ ಎಬ್ಬಿಸಿದ್ದರು. ಹುಡುಗರ ಅರ್ಜಿ ಹಿಡಿದು ಆಫೀಸುಗಳ ಬಾಗಿಲು ಕಾದಿದ್ದರು, ಗುಂಡಿ ತೋಡುವವರು ಸಿಗದ ದಿನ ತಾವೇ ತೋಡಿದ್ದರು. ಆದರೆ ಅವರ ಜೀವ ಇದ್ದದ್ದು ಭವನದ ಹಿಂದಿನ ಪಾತ್ರೆ ಕೋಣೆಯಲ್ಲಿ. ಅವರ ಅಪ್ಪ ತೀರಿಕೊಂಡ ದಿನ ಪೇಟೆಯ ಬಾಡಿಗೆ ಪಾತ್ರೆ ಅಂಗಡಿಯವನು, ನಿಮ್ಮ ಕೇರಿಗೆ ಕೊಡೋದಿಲ್ಲ, ಅದೂ ಸಾವಿನ ಊಟಕ್ಕೆ ಕೊಡೋದೇ ಇಲ್ಲ ಎಂದಿದ್ದ. ಬಂದ ನೆಂಟರು ಹಸಿದುಕೊಂಡು ಹೋಗಿದ್ದರು. ಆಮೇಲೆ ಯಲ್ಲಯ್ಯ ಕೇರಿಗೆ ಒಂದು ಕಟ್ಟುಪಾಡು ತಂದರು. ಯಾರ ಮನೆಯಲ್ಲಿ ಸಾವಾದರೂ ವರ್ಷ ತುಂಬುವುದರೊಳಗೆ ಆ ಮನೆಯವರು ಸತ್ತವರ ಹೆಸರು ಕೊರೆಸಿ ಒಂದು ಪಾತ್ರೆ ಕೊಡಬೇಕು. ಸೌಟಾದರೂ ಸರಿ. ಕೊಟ್ಟ ಪಾತ್ರೆ ಮುಂದಿನ ಊಟಕ್ಕೇ ಒಲೆ ಏರಬೇಕು. ತಡ ಮಾಡಿದವರ ಮನೆ ಮುಂದೆ ನಿಂತು ಮರ್ಯಾದೆ ಕಳೆಯುತ್ತಿದ್ದರು. ಹೀಗೆ ಕೋಣೆ ತುಂಬಿತು.

ಹೆಂಡತಿ ಗೋವಿಂದಮ್ಮ ಹೋಗಿ ಹನ್ನೊಂದು ತಿಂಗಳು. ಅವಳ ಹೆಸರಿನ ಹಿತ್ತಾಳೆ ಕೊಪ್ಪರಿಗೆ ಮೂರನೇ ತಿಂಗಳಿಗೇ ಬಂದಿತ್ತು. ಯಲ್ಲಯ್ಯ ಅದನ್ನು ಅವಳ ಹಳೇ ಸೀರೆಯಲ್ಲಿ ಸುತ್ತಿ, ಗೋಣಿಚೀಲಗಳ ಹಿಂದೆ ಇಟ್ಟು, ಕಂಚುಗಾರ ಇನ್ನೂ ಕೊಟ್ಟಿಲ್ಲ ಎಂದು ಊರಿಗೆಲ್ಲ ಸುಳ್ಳು ಹೇಳಿದ್ದರು. ಸಂಜೆ ಸೌಟು ಎಣಿಸುವ ನೆಪದಲ್ಲಿ ಒಳಗೆ ಹೋಗಿ, ಬಾಗಿಲು ಮುಂದೆ ಮಾಡಿ ಅದರ ಪಕ್ಕ ಕೂರುತ್ತಿದ್ದರು. ಗೋವಿಂದಮ್ಮನ ಜೊತೆಗಾತಿಯಾಗಿದ್ದ ನಾರಾಯಣಮ್ಮ ಸಿಕ್ಕಾಗಲೆಲ್ಲ ಕೇಳುತ್ತಿದ್ದಳು. "ಎಲ್ಲಿ ಯಲ್ಲಯ್ಯ, ನಮ್ಮ ಗೋವಿಂದಿ ಕೊಪ್ಪರಿಗೆ? ಅದ್ರಲ್ಲಿ ಬೆಂದ ಅನ್ನ ಉಂಡೇ ನಾನು ಹೋಗೋದು." ಮುಂದಿನ ತಿಂಗಳು, ಮುಂದಿನ ತಿಂಗಳು ಎನ್ನುತ್ತಿದ್ದರು.

ಬೇರೆ ಯಾರಾದರೂ ಬಾಗಿಲು ತೆಗೆದರೆ ದೊಡ್ಡ ಪಾತ್ರೆಗಾಗಿ ಚೀಲಗಳನ್ನು ಸರಿಸುತ್ತಾರೆ. ಮುನ್ನೂರು ಜನರ ಎದುರು, ನಾರಾಯಣಮ್ಮನ ಹೆಣದ ಎದುರು, ಅದು ಹೊರಗೆ ಬರುತ್ತದೆ. ತಾವೇ ಹೋಗಿ ತೆಗೆದರೆ ಬೇಕಾದ್ದನ್ನಷ್ಟೇ ಎತ್ತಿಕೊಡಬಹುದು.

ಬಚ್ಚಲಿನಲ್ಲಿ ನೀರು ನಿಲ್ಲುವುದರೊಳಗೆ ಯಲ್ಲಯ್ಯ ಚಪ್ಪಲಿ ಮೆಟ್ಟಿ ಬೀದಿಯಲ್ಲಿದ್ದರು.

"ಬನಶಂಕರಿ ಬಸ್ ಸ್ಟ್ಯಾಂಡು. ಹಂಪಲ್ಲಿ ನಿಧಾನ, ಉಳಿದ ಕಡೆ ಜೋರು," ಎಂದರು ಆಟೋದವನಿಗೆ.

"ಉಳಿದ ಕಡೆ ಅಂತ ಎಲ್ಲಿದೆ ಯಜಮಾನ್ರೇ? ಬರೀ ಹಂಪು, ಸಿಗ್ನಲ್ಲು," ಎಂದ ಅವನು. ಕನ್ನಡಿಯಲ್ಲಿ ನೋಡಿ, "ಕಣ್ಣು ಮಾಡಿಸ್ಕೊಂಡು ತಪ್ಪಿಸ್ಕೊಂಡು ಬಂದಂಗಿದೆ?"

"ಊರಲ್ಲಿ ಸಾವಾಗಿದೆ."

"ಹತ್ರದೋರಾ?"

"ಉಳಿದಿದ್ದೋಳು ಅವಳೊಬ್ಬಳೇ."

ಯಲ್ಲಯ್ಯ ಎರಡು ಕೈಯಲ್ಲೂ ತಲೆಯನ್ನು ತುಂಬಿದ ಕೊಡದ ಹಾಗೆ ಹಿಡಿದುಕೊಂಡು ಕೂತರು. ಸಿಗ್ನಲ್ಲಿನಲ್ಲಿ ನಿಂತಾಗಲೂ ಕಾಲು ಮಾತ್ರ ಕುಣಿಯುತ್ತಲೇ ಇತ್ತು. ಜೇಬಿನಲ್ಲಿ ಫೋನು ಮೂರು ಸಲ ಬಡಿದುಕೊಂಡಿತು. ತೆಗೆಯಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಸಾತನೂರಿನ ಬಸ್ಸು ಹೊರಟು ಐದು ನಿಮಿಷವಾಗಿತ್ತು. ಮುಂದಿನದು ಹನ್ನೊಂದಕ್ಕೆ ಎಂದರು. ಕೂತರು, ಎದ್ದರು, ಬೋರ್ಡಿನ ತನಕ ಹೋಗಿ ಓದಲಾಗದೆ ತಿರುಗಿ ಬಂದರು. ಕನ್ನಡಕದ ಕೆಳಗಿನಿಂದ ನೀರು ಇಳಿಯುತ್ತಿತ್ತು. ಯಾರೋ ಬೀಡಿ ಹಚ್ಚಿದ್ದಕ್ಕೆ ಅಲ್ಲಿಂದಲೂ ಎದ್ದರು.

ನಾಲ್ಕನೇ ಸಲ ಬಡಿದಾಗ ಫೋನು ತೆಗೆದರು.

"ಎಲ್ಲಿದ್ದೀಯಾ ಅಂತ ಕೇಳಲ್ಲ," ಎಂದಳು ಸಂಘಮಿತ್ರಾ. "ಕರೆಪ್ಪಜ್ಜನ ಕೇಳ್ದೆ. ಬನಶಂಕರಿಗೇ ಸ್ಕೂಟರಲ್ಲಿ ಬರ್ತಿದ್ದೀನಿ. ಕೀಲಿ ನನಗೆ ಕೊಡು, ನಾನು ಹೋಗ್ತೀನಿ."

"ನೀನು ಬೇಡ."

"ಯಾಕೆ? ಆ ರೂಮಲ್ಲಿ ಏನಿದೆ ತಾತ?"

ಯಲ್ಲಯ್ಯ ಫೋನು ಇಟ್ಟುಬಿಟ್ಟರು. ಇಟ್ಟ ಮರುಗಳಿಗೆಗೆ ಕರೆಪ್ಪ.

"ಯಲ್ಲಣ್ಣ, ಎಲ್ಲಿಗೆ ಬಂದೆ? ಕಲ್ಯಾಣ ಮಂಟಪದೋರು ಸಾವಿಗೆ ಪಾತ್ರೆ ಕೊಡಲ್ವಂತೆ. ಮನೆಮನೆ ದಬರಿಯೆಲ್ಲ ತಂದ್ರೂ ಐವತ್ತು ಜನಕ್ಕೂ ಆಗಲ್ಲ. ಹೆಂಗಸ್ರು ಅಕ್ಕಿ ನೆನೆಹಾಕಿಕೊಂಡು ಬಾಗಿಲ ಮುಂದೆ ಕೂತವ್ರೆ. ಹನ್ನೆರಡಕ್ಕಾದ್ರೂ ಒಲೆ ಹಚ್ಚಬೇಕು."

ಹನ್ನೊಂದರ ಬಸ್ಸು ಹತ್ತಿದರೆ ಮುಟ್ಟುವುದು ಒಂದೂವರೆಗೆ. ಯಲ್ಲಯ್ಯ ಕೀಲಿಯನ್ನು ಉಡಿದಾರದಿಂದ ಬಿಚ್ಚಿ ಅಂಗೈಯಲ್ಲಿ ಹಿಡಿದಿದ್ದರು. ಬಾಗಿಲ ಮುಂದೆ ಕೂತ ಹೆಂಗಸರು ಕಂಡರು. ಅಪ್ಪ ಸತ್ತ ದಿನ ಆ ಅಂಗಡಿಯ ಮೆಟ್ಟಿಲ ಮುಂದೆ ಅವ್ವ ಹಾಗೇ ಕೂತಿದ್ದಳು. ಅಂಗಡಿಯವನು ಅವಳ ಕಡೆ ನೋಡದೆ ಬೀಗದ ಕೈ ತಿರುಗಿಸುತ್ತ ನಿಂತಿದ್ದ.

"ಕರೆಪ್ಪ," ಎಂದರು. "ಒಡಿ."

"ಏನು?"

"ಬೀಗ ಒಡಿಯೋ. ಒಳಗೆ ಎಡಗಡೆ ಗೋಣಿಚೀಲ ಸರಿಸು. ಸೀರೆ ಸುತ್ತಿರೋ ಕೊಪ್ಪರಿಗೆ ಇದೆ. ಅದನ್ನ ತಗೊಂಡು ಅನ್ನಕ್ಕಿಡು."

"ಗೋವಿಂದಕ್ಕಂದಾ?"

"ಹೂಂ."

"ಬಂದು ಎಷ್ಟು ದಿನ ಆಯ್ತು?"

"ಎಂಟು ತಿಂಗಳು. ಎಲ್ಲರ ಮುಂದೂ ಹೇಳು, ಪರವಾಗಿಲ್ಲ."

ಕರೆಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಯಲ್ಲಯ್ಯನವರಿಗೆ. ಫೋನಿನಲ್ಲೇ ಸುತ್ತಿಗೆಯ ಪೆಟ್ಟು ಕೇಳಿಸಿತು, ನಾಲ್ಕೋ ಐದೋ. ಆಮೇಲೆ ಹೆಂಗಸರ ದನಿ, ಯಾವುದೋ ತಗಡು ಉರುಳಿದ ಸದ್ದು.

"ಸಿಕ್ತು," ಎಂದ ಕರೆಪ್ಪ. "ಕನ್ನಡಿ ಹಂಗಿದೆ ಕಣಣ್ಣ."

"ಹುಣಸೆಹಣ್ಣಲ್ಲಿ ಒಂದು ಸಲ ತಿಕ್ಕಿಸು. ಒಳಗೆ ಕಲಾಯಿ ಆಗಿದೆ, ಭಯ ಇಲ್ಲ. ಸೌದೆ ಉರಿಗೆ ಇಡೋ ಮುಂಚೆ ಹೊರಗೆಲ್ಲ ಕೆಮ್ಮಣ್ಣು ಬಳಿ. ಇಲ್ದಿದ್ರೆ ಮಸಿ ಹಿಡಿದು ಆಮೇಲೆ ಬಿಡಲ್ಲ."

"ಹೆಸರಿನ ಮೇಲೂ ಬಳೀಲಾ?"

ಯಲ್ಲಯ್ಯ ಬೆರಳಿನಿಂದ ಕೀಲಿಯ ಹಲ್ಲುಗಳನ್ನು ಸವರಿದರು. ಕೊಪ್ಪರಿಗೆಯ ಮೇಲೆ ಚುಕ್ಕೆಚುಕ್ಕೆಯಾಗಿ ಕೊರೆದ ಆ ಹೆಸರನ್ನು ಕತ್ತಲಲ್ಲಿ ಹೀಗೇ ಸವರಿದ್ದರು.

"ಬಳಿ. ತೊಳೆದರೆ ಕಾಣುತ್ತೆ."

ಸಂಘಮಿತ್ರಾ ಬರುವ ಹೊತ್ತಿಗೆ ಅವರು ಕಂಬಕ್ಕೆ ಒರಗಿಕೊಂಡು ನಿಂತಿದ್ದರು. ಅವಳ ಒದ್ದೆ ಕೂದಲು ಹೆಲ್ಮೆಟ್ಟಿನಿಂದ ಹೊರಗೆ ಅಂಟಿಕೊಂಡಿತ್ತು. ಕೈಚೀಲದಿಂದ ಔಷಧಿ ತೆಗೆದಳು.

"ಹತ್ತು ಗಂಟೆಗೆ ಹಾಕಬೇಕಿತ್ತು. ಮೇಲೆ ನೋಡು."

ನೋಡಿದರು. ಹನಿ ಬಿತ್ತು, ಉರಿಯಿತು.

"ಐದು ನಿಮಿಷ ಕಣ್ಣು ಮುಚ್ಚಿಕೊಂಡು ಕೂತ್ಕೋ. ಕೀಲಿ ಕೊಡು, ಹೋಗ್ಬರ್ತೀನಿ."

"ಬೇಡ. ಒಡೆದಾಯ್ತು." ಅವರು ಕೂತರು. ಒಂದು ನಿಮಿಷವೂ ಆಗಿರಲಿಲ್ಲ, ಮುಚ್ಚಿದ ಕಣ್ಣಲ್ಲೇ ಎದ್ದು ಅವಳ ತೋಳಿಗಾಗಿ ತಡಕಾಡಿದರು. "ನಡಿ ಮಿತ್ರಾ. ಇಲ್ಲೆಲ್ಲಾದ್ರೂ ಬೀಗ ಸಿಗುತ್ತಾ ನೋಡೋಣ. ಮೂರು ಕೀಲಿ ಇರೋದು ಬೇಕು."