ಒಲ್ಲದ ಹದಿನೆಂಟು

"ಏ ತಾಯಿ, ಬಕೆಟ್ ತಗೊಂಡು ಆಚೆ ನಡಿ. ಇಲ್ಲಿ ಪರೀಕ್ಷೆ ನಡೀತಾ ಇರೋದು ಕಾಣಿಸಲ್ವಾ?"

ಕಾರ್ಮಿಕ ಕಾನೂನಿನ ಪ್ರೊಫೆಸರ್ ಲಾಂಜಾ ಹೀಗೆ ಗದರಿದ್ದು ನನಗೆ. ಬಕೆಟ್ಟು ನನ್ನ ಕೈಯಲ್ಲೇ ಇತ್ತು, ನೀಲಿ ಏಪ್ರನ್ನು ಮೈಮೇಲಿತ್ತು, ಹಾಗಾಗಿ ಅವರನ್ನು ಪೂರ್ತಿ ಬೈಯುವ ಹಾಗೂ ಇರಲಿಲ್ಲ. ಬೆಳಗಿನ ಐದರಿಂದ ಒಂಬತ್ತರವರೆಗೆ ಅದೇ ಕಾಲೇಜಿನ ನೆಲ ಒರೆಸಿ, ಬಟ್ಟೆ ಬದಲಿಸಲು ಪುರುಸೊತ್ತಿಲ್ಲದೆ ಹಾಗೇ ಬಂದಿದ್ದೆ.

"ಪರೀಕ್ಷೆಗೇ ಬಂದಿರಾದು ಸ್ವಾಮಿ. ಕಪೂಟೊ ಫಿಲೊಮೆನಾ. ನಿಮ್ ಪಟ್ಟೀಲಿ ಒಂಬತ್ತನೇ ಹೆಸ್ರು."

ಹಿಂದಿನ ಬೆಂಚುಗಳಲ್ಲಿ ಕೂತಿದ್ದ ಹುಡುಗರು ಕಿಸಕ್ಕೆಂದರು. ಲಾಂಜಾ ಪಟ್ಟಿ ನೋಡಿದರು, ನನ್ನನ್ನು ನೋಡಿದರು, ಬಕೆಟ್ಟನ್ನೂ ನೋಡಿದರು. ಆಮೇಲೆ ಕುರ್ಚಿ ತೋರಿಸಿದರು.

"ನೆಲಕ್ಕೆ ಯಾವ ಸೋಪು ಹಾಕ್ತೀಯಮ್ಮ? ನಿಂಬೆಹಣ್ಣಿನ ವಾಸನೆ ಘಮ್ ಅಂತಿದೆ."

"ಕಂಪ್ನಿಯೋರು ಕೊಟ್ಟಿದ್ದು."

"ಭೇಷ್. ಹದಿನೆಂಟು ಕೊಟ್ಟಿದೀನಿ. ಇಲ್ಲಿ ಸಹಿ ಮಾಡಿ ಮನೆಗೆ ಹೋಗಿ ಪಾಸ್ತಾ ಬೇಯಿಸು."

ಕೋಣೆಗೆ ಕೋಣೆಯೇ ನಕ್ಕಿತು. ಮೂವತ್ತಕ್ಕೆ ಹದಿನೆಂಟು ಅಂದರೆ ಪಾಸು. ಅದು ನನ್ನ ಇಪ್ಪತ್ತೊಂದನೆಯ ಪರೀಕ್ಷೆ, ಕಡೆಯದು. ಸಹಿ ಹಾಕಿದ್ದರೆ ಹನ್ನೊಂದು ವರ್ಷದ ಓದು ಅಲ್ಲಿಗೆ ಮುಗಿದು ನಾನೂ ಪದವೀಧರೆ. ಪೆನ್ನು ಹಿಡಿದೆ, ಮತ್ತೆ ಕೆಳಗಿಟ್ಟೆ. ನಮ್ಮಲ್ಲಿ ಬಾಯಿಪರೀಕ್ಷೆಯ ಅಂಕ ಹಿಡಿಸದಿದ್ದರೆ ಒಲ್ಲೆ ಎಂದು ಎದ್ದು ಹೋಗಿ ಮುಂದಿನ ಸಲ ಬರಬಹುದು. ಇಪ್ಪತ್ತೆಂಟು ಬಂದರೆ ಅಪ್ಪನ ಮಾನ ಹೋಗುತ್ತದೆ ಎನ್ನುವ ವಕೀಲರ ಮಕ್ಕಳು ಹಾಗೆ ಮಾಡುತ್ತಾರೆ. ಕಸ ಗುಡಿಸುವವರು ಮಾಡಿದ್ದನ್ನು ಯಾರೂ ಕಂಡಿರಲಿಲ್ಲ.

"ಒಲ್ಲೆ," ಎಂದೆ.

"ಪಾಸ್ ಮಾಡಿದೀನಲ್ಲಮ್ಮ. ಇನ್ನೇನು ಬೇಕು ನಿನಗೆ?"

"ಪ್ರಶ್ನೆ."

ಬಕೆಟ್ ಎತ್ತಿಕೊಂಡು ಹೊರಗೆ ಬಂದೆ. ಮೂಲೆ ತಿರುಗುವವರೆಗೆ ಸೆಟೆದು ನಡೆದೆ, ಆಮೇಲೆ ಮೆಟ್ಟಿಲ ಮೇಲೆ ಕೂತು ಅತ್ತೆ.

ಪೊರಕೆ ಕೋಣೆಯಲ್ಲಿ ಒರ್ಸೊಲಾ ಕಾಯುತ್ತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳು, ನಮ್ಮ ಹತ್ತು ಹೆಂಗಸರ ಗುಂಪಿಗೆ ಯಜಮಾನಿ ಇದ್ದ ಹಾಗೆ.

"ಕೊಟ್ಟುದ್ನ ಇಸ್ಕಂಡು ಬರಕೆ ಏನ್ ರೋಗ ಬಂದಿತ್ತೇ ನಿಂಗೆ? ಹೊಟ್ಟೆಗಿಲ್ದಿದ್ರೂ ಜಂಬಕ್ಕೇನೂ ಕಮ್ಮಿಯಿಲ್ಲ."

"ಒಂದು ಪ್ರಶ್ನೆನೂ ಕೇಳ್ನಿಲ್ಲ ಕಣಕ್ಕ. ನಾಯಿಗೆ ಬಿಸ್ಕತ್ ಎಸ್ದಂಗೆ ಎಸ್ದ."

"ಬಿಸ್ಕತ್ ತಾನೆ, ತಿನ್ಬೇಕಿತ್ತು ಮುಂಡೇದೆ. ಕೇಳಿದ್ರೆ ಉತ್ರ ಬತ್ತಿತ್ತಾ?"

ಬರುತ್ತಿತ್ತು. ಅದೇ ಸಂಕಟ. ನಮ್ಮ ದೇಶದಲ್ಲಿ ಬಾಯಿಪರೀಕ್ಷೆಯನ್ನು ಬಾಗಿಲು ತೆರೆದೇ ನಡೆಸಬೇಕು, ಯಾರು ಬೇಕಾದರೂ ಕೂತು ಕೇಳಬಹುದು. ಈ ನಿಯಮ ಬರೆದ ಪುಣ್ಯಾತ್ಮನಿಗೆ ಹೊಸ್ತಿಲು ಒರೆಸುವವಳೊಬ್ಬಳು ಇರುತ್ತಾಳೆ ಎನ್ನುವುದು ಹೊಳೆದಿರಲಿಕ್ಕಿಲ್ಲ. ಪಾಳಿ ಮುಗಿದ ಮೇಲೂ ಪರೀಕ್ಷೆ ನಡೆಯುವ ಕೋಣೆಯ ಬಾಗಿಲಲ್ಲಿ ನಾನು ಒಂದೇ ಕಲ್ಲನ್ನು ಗಂಟೆಗಟ್ಟಲೆ ಒರೆಸುತ್ತಿದ್ದೆ. ಇಡೀ ನೇಪಲ್ಸಿನಲ್ಲಿ ಅಷ್ಟು ಹೊಳೆಯುವ ಹೊಸ್ತಿಲು ಬೇರೆಲ್ಲೂ ಇರಲಿಲ್ಲ. ಮೊದಮೊದಲು ಸುಮ್ಮನೆ ಕೇಳಿದೆ, ಆಮೇಲೆ ಮನಸ್ಸಿನಲ್ಲೇ ಉತ್ತರ ಹೇಳಿದೆ. ಒಂದು ದಿನ ಹುಡುಗನೊಬ್ಬ ತೀರ ದಡ್ಡ ಉತ್ತರ ಕೊಟ್ಟಾಗ, "ಅಯ್ಯೋ ಪಾಪಿ, ಅದು ಗೇಣಿ ಅಲ್ಲ ಕಣೋ, ಅಡಮಾನ" ಎಂದು ಬಾಯಿಬಿಟ್ಟೇ ಕೂಗಿಬಿಟ್ಟೆ. ಆವತ್ತು ನನಗೆ ಮೆಮೊ ಸಿಕ್ಕಿತು. ಮರುದಿನವೇ ದೊಡ್ಡವರ ಸಂಜೆ ಶಾಲೆಗೆ ಸೇರಿದೆ, ಅದು ಮುಗಿದ ಮೇಲೆ ಕಾಲೇಜಿಗೆ. ಕೋರ್ಸಿನ ಅವಧಿ ಮುಗಿದರೂ ಹೆಸರು ಉಳಿಸಿಕೊಂಡು ವರ್ಷಕ್ಕೆರಡು ಪರೀಕ್ಷೆ ಕಟ್ಟುತ್ತ ಬಂದೆ. ಹುಡುಗರೇ ಪೊರಕೆ ಕೋಣೆಗೆ ಬಂದು, "ಫಿಲೂ ಅತ್ತೆ, ಲಾಂಜಾ ಇವತ್ತು ಏನು ಕೇಳ್ತಿದಾರೆ?" ಎನ್ನುತ್ತಿದ್ದರು. "ಹಲ್ಲುನೋವು ಅದೆ ಅವ್ರಿಗೆ, ಅದಿದ್ದಾಗ ಕೇಳಾದು ಮುಷ್ಕರದ ಹಕ್ಕು ಒಂದೇ, ಬೇರೆ ಓದ್ಬ್ಯಾಡ" ಎಂದರೆ ಹುಡುಗನಿಗೆ ಇಪ್ಪತ್ತೊಂಬತ್ತು ಗ್ಯಾರಂಟಿ. ಅದೇ ಹುಡುಗರು ಆವತ್ತು ಕಿಸಕ್ಕೆಂದದ್ದು.

ಎರಡನೆಯ ಸಲ ಪರೀಕ್ಷೆ ಬರುವ ಹೊತ್ತಿಗೆ ಗುತ್ತಿಗೆ ಕಂಪನಿಯ ಮೇಸ್ತ್ರಿ ಉಗೊ ನನ್ನ ಪಾಳಿಯನ್ನು ಬೆಳಗಿನ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ, ಸರಿಯಾಗಿ ಪರೀಕ್ಷೆಯ ಹೊತ್ತಿಗೇ, ಬದಲಿಸಿದ್ದ.

"ಪರೀಕ್ಷೆ ದಿನ ಸಂಬ್ಳ ಸಮೇತ ರಜೆ ಕೊಡ್ಬೇಕು ಅಂತ ಕಾನೂನು ಅದೆ ಉಗೊ," ಎಂದೆ.

"ಕಾನೂನು ಪುಸ್ತಕ್ದಾಗೆ ಇರ್ತದೆ, ಬಕೆಟ್ ಇಲ್ಲಿರ್ತದೆ. ಮುಚ್ಕಂಡು ಕೆಲ್ಸ ಮಾಡು. ಒರ್ಸಾಕೋಲು ಕೈ ಬಿಟ್ಟಿದ್ದು ಕಂಡ್ರೆ ಮನೆಗೆ ಕಳುಸ್ತೀನಿ."

ಸರಿ, ಕೋಲು ಬಿಡಲಿಲ್ಲ. ಹೆಸರು ಕರೆದಾಗ ಒರೆಸುತ್ತಲೇ ಮೇಜಿನ ಹತ್ತಿರ ಹೋದೆ.

"ಕಾಲೆತ್ತಿ ಸ್ವಾಮಿ," ಎಂದೆ.

ಲಾಂಜಾ ಅಭ್ಯಾಸಬಲದಿಂದ ಎತ್ತಿಯೇ ಬಿಟ್ಟರು. ಅಕ್ಕಪಕ್ಕದ ಇಬ್ಬರು ಸಹಾಯಕರೂ ಎತ್ತಿದರು. ಮೂವರು ವಿದ್ವಾಂಸರು ಆರು ಕಾಲು ಗಾಳಿಯಲ್ಲಿಟ್ಟು ಕೂತಿದ್ದರು.

"ಕೇಳಿ ಸ್ವಾಮಿ, ಪ್ರಶ್ನೆ ಕೇಳಿ. ನಂಗೆ ಕೈ ನಿಲ್ಸಂಗಿಲ್ಲ."

"ಇದೇನು ನಾಟಕ? ಹದಿನೆಂಟು, ಹದಿನೆಂಟು! ತಗೊಂಡು ಹಾಳಾಗಿ ಹೋಗು."

"ಒಲ್ಲೆ. ಇನ್ನ ಕಾಲಿಳಿಸ್ಬ್ಯಾಡಿ, ನೆಲ ಒದ್ದೆ ಅದೆ."

ಮೂರನೆಯ ಸಲ ಒರ್ಸೊಲಾಳೇ ತೀರ್ಮಾನಕ್ಕೆ ಬಂದಳು. "ಯಾರು ಬೇಕಾರೂ ಕೂತು ಕೇಳ್ಬೋದು ಅಂದೆ ತಾನೇ? ನಾವೂ ಕೇಳ್ತೀವಿ. ಆ ಬೋಳಿಮಗ ಅದೆಂಗೆ ಪ್ರಶ್ನೆ ಕೇಳದೆ ಬುಟ್ಟಾನು ನೋಡಾನ."

ಪಾಳಿ ಮುಗಿಸಿದ ಒಂಬತ್ತು ಹೆಂಗಸರು ಮೊದಲ ಬೆಂಚಿನಲ್ಲಿ ಸಾಲಾಗಿ ಕೂತರು. ನನಗೆ ಆವತ್ತೂ ರಜೆ ಇರಲಿಲ್ಲ, ಕೋಲನ್ನು ಗೋಡೆಗೆ ಒರಗಿಸಿ ಬಂದಿದ್ದೆ. ಒರ್ಸೊಲಾ ಕಾಲುಚೀಲ ಹೆಣೆಯತೊಡಗಿದಳು. ಉಳಿದವರು ಉಪ್ಪುನೀರಿನಲ್ಲಿ ನೆನೆಸಿದ ಕಾಳಿನ ಪೊಟ್ಟಣ ಬಿಚ್ಚಿದರು. ಹೆಂಗಸರನ್ನು ಎಬ್ಬಿಸುವಂತೆ ಲಾಂಜಾ ಸಹಾಯಕನಿಗೆ ಸನ್ನೆ ಮಾಡಿದರು.

"ಪರೀಕ್ಷೆ ಸಾರ್ವಜನಿಕ ಅಲ್ವಾ ಸಾರ್," ಎಂದು ಅವನು ಗೊಣಗಿದ.

"ಅದು ನನಗೂ ಗೊತ್ತು ಕಣಯ್ಯ."

ಮೊದಲು ಬಂದ ಟೈ ಕಟ್ಟಿದ ಹುಡುಗ ತೊದಲಿದ. "ಹೇಳಪ್ಪ ಕಂದ, ಹೆದರ್ಕಬ್ಯಾಡ, ಅವ್ರೂ ನಿನ್ನಂಗೇ ಇದ್ದೋರೇ," ಎಂದಳು ಒರ್ಸೊಲಾ. ಅವನಿಗೆ ಇಪ್ಪತ್ನಾಲ್ಕು ಬಂದಾಗ ಒಂಬತ್ತೂ ಜನ ಚಪ್ಪಾಳೆ ತಟ್ಟಿದರು. "ಇನ್ನೊಂದೆರಡು ಹಾಕಿ ಸ್ವಾಮಿ, ಮಗ ಬೆವ್ತೋಗವ್ನೆ." ಲಾಂಜಾ ತಲೆ ಎತ್ತದೆ ಇಪ್ಪತ್ತಾರು ಬರೆದರು. ಆಮೇಲೆ ಬಂದವರೆಲ್ಲ ಮೊದಲ ಬೆಂಚಿನ ಕಡೆ ನೋಡಿ ಒಂದು ನಗು ಚೆಲ್ಲಿಯೇ ಕೂರತೊಡಗಿದರು.

ನನ್ನ ಹೆಸರು ಬಂತು. ಕಾಳು ಜಗಿಯುವ ಸದ್ದು ನಿಂತಿತು. ಅದೇ ಹೊತ್ತಿಗೆ ನನ್ನನ್ನು ಹುಡುಕುತ್ತ ಬಂದ ಉಗೊ ಬಾಗಿಲಲ್ಲಿ ನಿಂತ.

"ಪ್ರಶ್ನೆ ಬೇಕು ಅಂದೆಯಲ್ಲ, ತಗೋ," ಎಂದರು ಲಾಂಜಾ. "ಓದುವ ಕಾರ್ಮಿಕನಿಗೆ ಪರೀಕ್ಷೆಯ ದಿನ ಏನು ಹಕ್ಕಿದೆ?"

ಸುಲಭದ ಪ್ರಶ್ನೆ ಎಸೆದು ಸಾಗಹಾಕೋಣ ಅಂದುಕೊಂಡಿದ್ದರೋ ಏನೋ. ನಾನು ಗಂಟಲು ಸರಿಮಾಡಿಕೊಂಡೆ. ಆವತ್ತಿನ ಮಟ್ಟಿಗೆ ನನ್ನ ಮಾತೂ ಪುಸ್ತಕದ ಮಾತಾಯಿತು. "ಸಂಬಳ ಸಹಿತ ರಜೆ. ಕಾಲೇಜಿಗೆ ಮಾತ್ರ ಅಲ್ಲ, ಪ್ರಾಥಮಿಕ ಶಾಲೆಯಿಂದ ಹಿಡಿದು ಎಲ್ಲ ಮಾನ್ಯ ಶಾಲೆಗಳಿಗೂ. ಮಾಲೀಕ ಬೇಡ ಅನ್ನುವ ಹಾಗಿಲ್ಲ."

"ಸರಿ."

ಒರ್ಸೊಲಾ ಹೆಣಿಗೆ ಕೆಳಗಿಟ್ಟಳು. "ಅಂಗಾರೆ ಇಗೋ ಈ ಉಗೊ ಹೇಳ್ತಿದ್ದುದ್ದು ಸುಳ್ಳಾ ಸ್ವಾಮಿ?"

ಪ್ರೊಫೆಸರ್ ಬಾಗಿಲ ಕಡೆ ನೋಡಿದರು. ಇಡೀ ಕೋಣೆ ನೋಡಿತು. "ಕಾನೂನಿನ ಪ್ರಕಾರ, ಹೌದು, ಸುಳ್ಳು."

ಉಗೊನ ಮುಖ ಟೊಮೇಟೊ ಹಣ್ಣಾಯಿತು. ರೇಗಿದ ಲಾಂಜಾ ನನ್ನನ್ನು ನಲವತ್ತು ನಿಮಿಷ ಅರೆದರು. ವಜಾ, ಒಪ್ಪಂದ, ಮುಷ್ಕರ, ಅಪಘಾತ, ಒಂದನ್ನೂ ಬಿಡಲಿಲ್ಲ. ಬದುಕಿನಲ್ಲಿ ಅಷ್ಟು ಸುಖ ನಾನು ಕಂಡದ್ದಿಲ್ಲ. ಪಿಂಚಣಿಯ ಒಂದು ಪ್ರಶ್ನೆಗೆ ತಪ್ಪು ಹೇಳಿದೆ, ಅದಕ್ಕೆ ಮೂರು ಅಂಕ ಕಡಿದರು. ಇಪ್ಪತ್ತೇಳು. ನ್ಯಾಯವೇ ಇತ್ತು, ಸಹಿ ಹಾಕಿದೆ.

ಪದವಿಯ ದಿನ ಒರ್ಸೊಲಾ, ನಮ್ಮಲ್ಲಿ ಪದವೀಧರರಿಗೆಲ್ಲ ತೊಡಿಸುವ ಹಾಗೆ, ತನ್ನ ಹಿತ್ತಲಿನ ಲಾರೆಲ್ ಸೊಪ್ಪಿನ ಕಿರೀಟ ಕಟ್ಟಿ ನನ್ನ ತಲೆಗೆ ಇಟ್ಟಳು. ಸಂಜೆ ಅದೇ ಸೊಪ್ಪನ್ನು ಹುರುಳಿಕಾಯಿ ಸೂಪಿಗೆ ಹಾಕಿದೆವು. ನೆಲ ಒರೆಸುವ ಕೆಲಸ ಮಾತ್ರ ಹಾಗೇ ಇತ್ತು. ನಲವತ್ತೆಂಟು ವರ್ಷದ ಪದವೀಧರೆಗಾಗಿ ಯಾವ ಕಚೇರಿಯೂ ಬಾಗಿಲಲ್ಲಿ ಕಾದು ನಿಂತಿರಲಿಲ್ಲ.

ಆದರೆ ಆ ಸೆಪ್ಟೆಂಬರಿನಲ್ಲಿ ಒಂಬತ್ತೂ ಹೆಂಗಸರು ಸಂಜೆ ಶಾಲೆಗೆ ಸೇರಿದರು. ಜೂನ್ ತಿಂಗಳ ಒಂದು ಬೆಳಿಗ್ಗೆ ಉಗೊ ಒಂಬತ್ತು ರಜೆ ಚೀಟಿಗೆ, ಪ್ರತಿಯೊಂದಕ್ಕೂ ಒಂದೊಂದು ಬೈಗುಳ ಹೇಳುತ್ತ, ಸಹಿ ಹಾಕಿದ. ಆವತ್ತು ಇಡೀ ಕಾಲೇಜಿಗೆ ನಾನೊಬ್ಬಳೇ. ಓದು ಮುಗಿಸಿದ ತಪ್ಪಿಗೆ ನನಗೆ ರಜೆ ಇರಲಿಲ್ಲ.

ಹತ್ತು ಗಂಟೆಗೆ ಲಾಂಜಾ ತಮ್ಮ ಕೋಣೆಯಿಂದ ಕೂಗಿದರು. ಕಾಫಿ ಯಂತ್ರ ಮಗುಚಿ ನೆಲವೆಲ್ಲ ಕಪ್ಪಾಗಿತ್ತು. ಅವರು ನಡುವೆ ನಿಂತಿದ್ದರು, ಬಿಳಿ ಪ್ಯಾಂಟಿನ ಅಂಚು ಎತ್ತಿ ಹಿಡಿದು.

"ಎಲ್ಲಿ ನಿಮ್ಮ ಜನ? ಬೆಳಗಿನಿಂದ ಒಬ್ಬರೂ ಇಲ್ಲ."

"ಪರೀಕ್ಷೆಗೆ ಹೋಗವ್ರೆ ಸ್ವಾಮಿ. ಸಂಬ್ಳದ ರಜೆ."

"ಹಾಗಾದರೆ ನೀನು ಒರೆಸು."

"ನನ್ ಪಾಲು ಮೇಲಿನ ಅಂತಸ್ತು ಸ್ವಾಮಿ. ಇದು ಒರ್ಸೊಲಕ್ಕನ ಪಾಲು. ಒಬ್ರ ಕೆಲ್ಸ ಇನ್ನೊಬ್ರ ತಲೆಗೆ ಕಟ್ಟಂಗಿಲ್ಲ ಅಂತ ಗುತ್ತಿಗೆ ಪತ್ರದಾಗೇ ಅದೆ, ಅದ್ನ ಕಂಪ್ನಿಗೆ ನೀವೇ ಬರ್ಕೊಟ್ಟಿದ್ದಂತೆ."

ಅವರು ಪ್ಯಾಂಟನ್ನು ಇನ್ನೊಂದು ಮಡಿಕೆ ಮೇಲಕ್ಕೆತ್ತಿದರು. ಕಾಫಿ ನಿಧಾನವಾಗಿ ಅವರ ಬೂಟಿನ ಕಡೆ ಹರಿಯುತ್ತಿತ್ತು.

"ಅವಳು ಯಾವಾಗ ಬರ್ತಾಳೆ?"

"ಈಗ ಭಿನ್ನರಾಶಿ ಕಳೀತಾ ಇರ್ತಾಳೆ," ಎಂದೆ. "ಮಧ್ಯಾಹ್ನ ಭೂಗೋಳ."

ಬಾಗಿಲು ತೆರೆದಿಟ್ಟೇ ಮೆಟ್ಟಿಲು ಹತ್ತಿದೆ.