ಹಿಂದಿರುಗಿಸಿದ ತೊಟ್ಟಿಲು

ಸೋತ ಕುಲದ ಹಿರಿಯ ತ್ರಿಪ್ಕೊ ಮಂಡಿಯೂರಿ ತೆವಳುತ್ತಾ ಬಂದ. ಕಣದ ಕಲ್ಲಿಗೆ ಮೊಣಕಾಲಿನ ಚರ್ಮ ಕಿತ್ತು, ಬಂದ ದಾರಿಯುದ್ದಕ್ಕೂ ಕೆಂಪು ಗೆರೆ ಬಿದ್ದಿತ್ತು. ಅವನ ಕೊರಳಲ್ಲಿ ನೇತಾಡುತ್ತಿದ್ದದ್ದು, ಗೆದ್ದ ನಾಯಕರಲ್ಲೊಬ್ಬನಾದ ವುಕೋಟನ ಹಿರಿಮಗನನ್ನು ಕೊಂದ ಬಂದೂಕು. ಅವನ ಬೆನ್ನಿಗೆ ಅವನ ಕುಲದ ಹೆಂಗಸರು ತೊಟ್ಟಿಲು ಹೊತ್ತು ನಿಂತಿದ್ದರು.

ಆ ಬೆಟ್ಟಗಳಲ್ಲಿ ಸಂಧಿಯೆಂದರೆ ಹೀಗೆಯೇ. ಗೆದ್ದವನು ಸೋತವನ ಕೊರಳಿನ ಬಂದೂಕು ಇಳಿಸಿ, ಎಬ್ಬಿಸಿ, ಮುತ್ತಿಡಬೇಕು. ಆಮೇಲೆ ಅವರ ತೊಟ್ಟಿಲು ಮುಟ್ಟಿ, ಕೂಸುಗಳ ತಲೆಗೆ ನೀರು ಸುರಿದು ಹೆಸರಿಡುವ ಜ್ಞಾನಸ್ನಾನದಲ್ಲಿ ಧರ್ಮತಂದೆಯಾಗಬೇಕು. ಆ ನಂಟು ಕೂಡಿದ ಮೇಲೆ ಕತ್ತಿ ಎತ್ತಿದವನನ್ನು ದೇವರೇ ವಿಚಾರಿಸಿಕೊಳ್ಳುತ್ತಾನೆ.

ಗೆದ್ದ ಕುಲಗಳು ಮೂರು, ನಾಯಕರು ಮೂವರು, ಮನಸ್ಸೂ ಮೂರು. ಜೀಕಾನನಿಗೆ ಉಪ್ಪು ಸಾಗಿಸುವ ಕಣಿವೆದಾರಿ ಸಿಕ್ಕರೆ ಸಾಕಿತ್ತು. ಮಿಲಿಸಾವನಿಗೆ ಸೋತವರ ಹುಲ್ಲುಗಾವಲು, ಬಂದೂಕು, ಇದ್ದೊಂದು ನೀರಿನ ಚಿಲುಮೆ, ಎಲ್ಲವೂ ಬೇಕಿತ್ತು. ವುಕೋಟನಿಗೆ ಉಳಿದಿದ್ದವನು ಕಿರಿಮಗ ಓಬ್ರೆನ್ ಒಬ್ಬನೇ. ಅವನಾದರೂ ಮುದುಕನಾಗಿ ಹಾಸಿಗೆಯಲ್ಲಿ ಸಾಯಬೇಕು. ವುಕೋಟನ ಪಾಲಿಗೆ ಸಂಧಿಯೆಂದರೆ ಅಷ್ಟೇ.

“ಚಿಲುಮೆ ಅವ್ರಿಗೇ ಬಿಟ್ಬಿಡೋಣ ಮಿಲಿಸಾವ್,” ಎಂದ ವುಕೋಟ. “ಹುಲ್ಲು ಹೋದ್ರೆ ಕುರಿ ಸಾಯ್ತವೆ. ನೀರು ಹೋದ್ರೆ ಕೂಸು ಸಾಯ್ತವೆ. ಕೂಸು ಸತ್ತ ಮನೆ ಸುಮ್ನಿರತ್ತಾ?”

“ಸುಮ್ನಿರದೆ ಏನ್ ಕಿಸಿಯತ್ತೆ? ಬಂದೂಕೆಲ್ಲ ನಮ್ಮ ಹತ್ರ.”

“ಬಾಯಾರಿದೋನಿಗೆ ಬಂದೂಕೇ ಬೇಕಾ?”

ಜೀಕಾನ್ ಆಕಳಿಸಿದ. “ನನ್ ದಾರಿ ನಂಗೆ ಬಂತಪ್ಪ. ಬೇಗ ಮುಗಿಸಿ, ಬಿಸಿಲೇರ್ತಿದೆ.”

ಮಿಲಿಸಾವ್ ಎದ್ದು ತ್ರಿಪ್ಕೊನ ಕತ್ತಿನ ಮೇಲೆ ಕಾಲಿಟ್ಟು ಅದುಮಿದ. ಕಲ್ಲಿಗೆ ಬಡಿದು ಹಲ್ಲು ಮುರಿದ ಸದ್ದು ಕೇಳಿತು. “ನಿನ್ ಮಗನ ತಲೆ ಕೊಯ್ದು ಗೂಟಕ್ಕೆ ಸಿಕ್ಕಿಸಿದೋನು ಇವ್ನು. ಇವ್ನ ಮೊಮ್ಮಗಂಗೆ ನೀರು ಕುಡಿಸ್ತೀಯೇನೋ? ಮಗನ ರಕ್ತ ನೀರಿಗಿಂತ ಅಗ್ಗ ಆಯ್ತಾ?”

ಆ ತಲೆಯನ್ನು ವುಕೋಟ ತನ್ನ ಕಂಬಳಿಯಲ್ಲೇ ಸುತ್ತಿ ಮನೆಗೆ ತಂದಿದ್ದ. ಅದರ ಭಾರ ಮತ್ತೆ ತೋಳಿಗೆ ಬಂತು. ಆಡಬೇಕಾದ ಮಾತು ಗೊತ್ತಿತ್ತು, ಬಾಯಿಗೆ ಬಂದದ್ದು ಬೇರೆ.

“ಚಿಲುಮೆ ನಮ್ಮದು,” ಎಂದ.

ತ್ರಿಪ್ಕೊ ರಕ್ತ ಉಗುಳಿದ. “ಆಗ್ಲಿ ಯಜಮಾನ. ತೊಟ್ಟಿಲನ್ನಾದ್ರೂ ಮುಟ್ಟು.”

ವುಕೋಟ ಮುಟ್ಟಲಿಲ್ಲ, ಮುತ್ತನ್ನೂ ಇಡಲಿಲ್ಲ. ತೊಟ್ಟಿಲುಗಳು ಬಂದ ದಾರಿಯಲ್ಲೇ ಇಳಿದುಹೋದವು. ಒಂದು ಕೂಸಿನ ಅಳು ಬೆಟ್ಟದ ತಿರುವಿನವರೆಗೂ ಕೇಳುತ್ತಿತ್ತು.

ಬೇಸಿಗೆ ಬಲಿಯಿತು. ಚಿಲುಮೆಯ ಕಾವಲಿನ ಸರದಿ ಓಬ್ರೆನ್‌ಗೆ ಬಂದ ದಿನ, ತ್ರಿಪ್ಕೊನ ಸೊಸೆ ತೊಟ್ಟಿಲನ್ನು ಬೆನ್ನಿಗೆ ಕಟ್ಟಿಕೊಂಡು ಬಂದು ಅಲ್ಲಿನ ಹಸಿಕಲ್ಲನ್ನು ನೆಕ್ಕುತ್ತಿದ್ದಳು. ಅದನ್ನು ನೋಡಲಾರದೆ ಓಬ್ರೆನ್ ತೊಟ್ಟಿಲನ್ನು ನೆರಳಿಗಿಳಿಸಿ, ಅವಳ ಕೊಡ ತುಂಬಲು ತಾನೇ ಬಗ್ಗಿದ. ಬಂಡೆಯ ಮರೆಯಲ್ಲಿದ್ದ ಅವಳ ಗಂಡನಿಗೆ ಕಂಡದ್ದು, ಹೆಂಡತಿಯ ಕೊಡ ಕಿತ್ತುಕೊಂಡ ಕಾವಲುಗಾರ. ಸಂಧಿ ಬಂದೂಕು ಕಸಿದಿತ್ತು, ಸೌದೆ ಸೀಳುವ ಕೊಡಲಿಯನ್ನು ಬಿಟ್ಟಿತ್ತು. ಮೊದಲ ಏಟಿಗೆ ಭುಜ ಸೀಳಿತು, ಮುಂದಿನದಕ್ಕೆ ಕತ್ತು. ಉಳಿದ ಕಾವಲಿನವರು ಗಂಡಹೆಂಡಿರಿಬ್ಬರನ್ನೂ ಅಲ್ಲೇ ಗುಂಡಿಕ್ಕಿ ಕೆಡವಿದರು.

ವುಕೋಟ ಓಡಿಬಂದಾಗ ನೀರು ಕೆಂಪಾಗಿತ್ತು. ನೆರಳಿನಲ್ಲಿ ಕೂಸು ಕಿರುಚುತ್ತಿತ್ತು.

“ಸಂಧಿ ಅವ್ರೇ ಮುರಿದ್ರು,” ಎಂದ ಮಿಲಿಸಾವ್, ಖುಷಿ ಅಡಗಿಸಲಾರದೆ. “ಇನ್ನು ಊರಿಗೇ ಬೆಂಕಿ ಇಡಬಹುದು. ಇಂಥದ್ದಕ್ಕಲ್ದೆ ಸಂಧಿ ಮಾಡ್ಕೊಳ್ಳೋದು ಮತ್ಯಾಕೆ?”

ವುಕೋಟ ಮಗನ ಕಣ್ಣು ಮುಚ್ಚಿದ. ಅದೇ ನೀರನ್ನು ಬೊಗಸೆಯಲ್ಲೆತ್ತಿ, ತಂದೆ, ಮಗ, ಪವಿತ್ರಾತ್ಮರ ಹೆಸರಲ್ಲಿ ಕೂಸಿನ ತಲೆಗೆ ಸುರಿದ. “ಓಬ್ರೆನ್ ಅಂತ ಕರೀತೀನಿ. ಇವ್ನು ನಂಗೆ ಮಗ ಆದ. ಇವ್ನೂರಿಗೆ ಬೆಂಕಿ ಇಡೋನು ನನ್ನನ್ನ ದಾಟ್ಕೊಂಡು ಹೋಗ್ಲಿ.”

ತನ್ನ ಬಂದೂಕನ್ನು ಕೊರಳಿಗೆ ತೂಗುಹಾಕಿ, ತೊಟ್ಟಿಲನ್ನು ಎದೆಗವಚಿಕೊಂಡು, ಕಲ್ಲುದಾರಿಯಲ್ಲಿ ಮಂಡಿಯೂರಿ ಇಳಿಯತೊಡಗಿದ. ಜೀಕಾನ್ ತನ್ನ ದಾರಿಯ ಕಡೆ ಮುಖ ತಿರುಗಿಸಿದ. ಮಿಲಿಸಾವ್ ಗುರಿಯಿಟ್ಟ.

ಗುಂಡು ಬೆನ್ನು ಹೊಕ್ಕಿತು. ಆದರೂ ಮಂಡಿಗಳು ನಿಲ್ಲಲಿಲ್ಲ.

ಸದ್ದು ಕೇಳಿ ಕೊಡಲಿ ಹಿಡಿದು ಮೇಲೇರಿ ಬರುತ್ತಿದ್ದ ತ್ರಿಪ್ಕೊ, ತೆವಳಿ ಬರುತ್ತಿದ್ದವನನ್ನೂ ಅವನ ಕೊರಳನ್ನೂ ಕಂಡು ನಿಂತ. ಕೊಡಲಿ ಕಲ್ಲಿಗೆ ಬಿದ್ದು ಖಣಿಲೆಂದಿತು. ಅವನು ಬಗ್ಗಿ ಬಂದೂಕು ಇಳಿಸಿದ. ಹಲ್ಲುಮುರುಕ ಬಾಯೊಂದು ತನ್ನ ಹಣೆಗೆ ತಾಗಿದ್ದು ವುಕೋಟನಿಗೆ ತಿಳಿಯಿತು.